ಹೊಸದುರ್ಗದಿಂದ ಹೊಸದುರ್ಗಕ್ಕೆ

ಎಳ್ಳಮಾವಾಸ್ಯೆ ಕಳೆದು ಸಂಕ್ರಾಂತಿ ಸಮೀಪಿಸುವ ಹೊತ್ತಿಗೆ ನಮ್ಮ ಬಯಲುಸೀಮೆಯ ಮಾಗಿಯ ಚಳಿ ಎಂಥದೆಂಬುದನ್ನು ಚಿತ್ರದುರ್ಗ ಜಿಲ್ಲೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ಮೂಡಣದಿಂದ ಬೀಸುವ ಒಣಗಾಳಿ, ರಾತ್ರಿಯಿಡೀ ತಣ್ಣಗಾಗುವ ಕಲ್ಲುಗುಡ್ಡಗಳು, ಹೊತ್ತೇರಿದರೂ ಬಿಡದ ನಡುಕ. ಹರೆಯದವರಿಗೆ ಇದು ಹಿತವೇ ಆದೀತು. ಶಿವರಾತ್ರಿಗೆ ಚಳಿಯು ಶಿವಶಿವಾ ಎನ್ನುತ್ತ ಹೊರಟುಹೋಗುವುದೆಂದು ಹಿರಿಯರು ಹೇಳುವುದುಂಟು. ಆದರೆ ಉಬ್ಬಸವಿರುವವರಿಗೆ ಆ ಶಿವರಾತ್ರಿಯವರೆಗಿನ ನಲವತ್ತು ದಿನಗಳನ್ನು ಕಳೆಯುವುದೇ ಕಷ್ಟ.

ನನ್ನ ಮಡದಿಗೆ ಈ ಬಾಧೆ ಎಂಟು ವರ್ಷಗಳಿಂದ ಇದೆ. 2024ರ ಕಾರ್ತಿಕದಲ್ಲಿ ಆಕೆಯನ್ನು ಪರೀಕ್ಷಿಸಿದ ವೈದ್ಯರು, "ಔಷಧವೊಂದನ್ನೇ ನಂಬಬೇಡಿ. ಸಾಧ್ಯವಾದರೆ ರಾತ್ರಿ ಬೆಚ್ಚಗಿರುವ ಊರಿಗೆ ಒಂದು ತಿಂಗಳಮಟ್ಟಿಗೆ ಕರೆದುಕೊಂಡು ಹೋಗಿ" ಎಂದರು. ಮಗನು ಬೆಂಗಳೂರಿಗೆ ಬನ್ನಿರೆಂದು ಕರೆದ. ಅಲ್ಲಿಯ ಚಳಿ ನಮ್ಮದಕ್ಕಿಂತ ಕಡಿಮೆಯೇನಲ್ಲ. ನಾನು ಶ್ರೀಶೈಲ, ಕಾಶಿಗಳ ಮಾತೆತ್ತಿದೆ. ಬಾಲ್ಯದಿಂದ ಮಠದ ಪಾಠಶಾಲೆಯಲ್ಲಿ ಬೆಳೆದ ನನಗೆ ಊರು ಬಿಟ್ಟು ಹೋಗುವುದೆಂದರೆ ಯಾತ್ರೆಯೆಂದೇ ಅರ್ಥ. ಪುಷ್ಯ ಮಾಸದಲ್ಲಿ ಕಾಶಿಯ ಗಂಗಾತೀರ ಎಷ್ಟು ಕೊರೆಯುತ್ತದೆಂಬ ಅರಿವೂ ನನಗಿರಲಿಲ್ಲ.

"ರೀ, ಪುಣ್ಯ ಆಮೇಲೆ ನೋಡೋಣ. ರಾತ್ರಿ ಮಲಗಿದರೆ ಉಸಿರು ಬರುವ ಊರು ಯಾವುದಾದರೂ ಸಾಕು" ಎಂದಳು ಆಕೆ.

ನಮ್ಮ ದಾಂಪತ್ಯದ ಮೂವತ್ತೆಂಟು ವರ್ಷಗಳಲ್ಲಿ ಆಕೆಯನ್ನು ನಾನು ಕರೆದೊಯ್ದುದೆಲ್ಲ ಮಠಗಳಿಗೆ, ಜಾತ್ರೆಗಳಿಗೆ, ಶಿವಾನುಭವ ಗೋಷ್ಠಿಗಳಿಗೆ. ಅಲ್ಲಿ ನಾನು ವೇದಿಕೆಯ ಮೇಲಿರುತ್ತಿದ್ದೆ. ಆಕೆ ಚೀಲ ಹಿಡಿದು ಸಭೆಯ ಕೊನೆಯಲ್ಲಿ ಕುಳಿತಿರುತ್ತಿದ್ದಳು. ಆ ಮಾತು ಕೇಳಿದ ಮೇಲೆ ನಾನು ಯಾತ್ರೆಯ ಪ್ರಸ್ತಾಪ ಮಾಡಲಿಲ್ಲ.

ಊರು ಯಾವುದೆಂಬ ಪ್ರಶ್ನೆಗೆ ಉತ್ತರ ಹೊಳೆದದ್ದು ಒಂದು ಹಳೆಯ ತಮಾಷೆಯಿಂದ. ಬಹಳ ವರ್ಷಗಳ ಹಿಂದೆ ಸ್ನೇಹಿತರೊಬ್ಬರು ನನಗೆ ಗ್ರಂಥಗಳ ಪೊಟ್ಟಣವೊಂದನ್ನು ಅಂಚೆಯಲ್ಲಿ ಕಳುಹಿಸಿದ್ದರು. ವಿಳಾಸದಲ್ಲಿ ಜಿಲ್ಲೆಯ ಹೆಸರನ್ನೂ ಪಿನ್ ಸಂಖ್ಯೆಯನ್ನೂ ಬರೆಯಲು ಮರೆತಿದ್ದರು. ಎರಡು ತಿಂಗಳ ತರುವಾಯ ಮಲೆಯಾಳ ಅಕ್ಷರಗಳ ಮುದ್ರೆ ಹೊತ್ತು ಆ ಪೊಟ್ಟಣ ನಮ್ಮ ಮನೆ ತಲುಪಿತು. ಅದು ಕಾಸರಗೋಡು ಜಿಲ್ಲೆಯ ಹೊಸದುರ್ಗಕ್ಕೆ ಹೋಗಿ ಬಂದಿತ್ತು! ಕಾಞಂಗಾಡು ಪಟ್ಟಣಕ್ಕೆ ಸೇರಿದಂತಿರುವ, ಅರಬ್ಬೀ ಸಮುದ್ರದ ದಡದ ಊರು ಅದು. ನನ್ನ ಪುಸ್ತಕಗಳು ನೋಡಿ ಬಂದ ಊರನ್ನು ನಾವೂ ನೋಡಬಾರದೇಕೆ? ಕಾಸರಗೋಡಿನಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ಅವನು ಹತ್ತು ದಿನಗಳಲ್ಲಿ ಒಂದು ಮನೆಯ ಮಹಡಿಯನ್ನು ಗೊತ್ತುಮಾಡಿದ. ಬಾಡಿಗೆ ಹೊರೆಯೆನಿಸುವಷ್ಟಿರಲಿಲ್ಲ.

ನಾವು ಹೊರಡಲಿದ್ದ 2025ರ ಜನವರಿಯಲ್ಲಿಯೇ ಹಿರಿಯೂರಿನ ವಾಣೀವಿಲಾಸ ಸಾಗರ ತುಂಬಿ ಕೋಡಿ ಹರಿದಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಆ ಮಾರಿಕಣಿವೆಯ ಜಲಾಶಯ ಮೊದಲು ತುಂಬಿದ್ದು 1933ರಲ್ಲಿ, ಎರಡನೆಯ ಸಲ 2022ರಲ್ಲಿ, ಮೂರನೆಯದೇ ಇದು. ವೇದಾವತಿಯ ಹಿನ್ನೀರು ನಮ್ಮ ತಾಲ್ಲೂಕಿನ ಹೊಲಗಳವರೆಗೆ ನಿಂತಿತ್ತು. ಹೊಳಲ್ಕೆರೆಯ ನಮ್ಮ ಬೀಗರು ನಗುತ್ತ, "ಸಾಗರವೇ ನಿಮ್ಮ ತಾಲ್ಲೂಕಿಗೆ ಬಂದಿರುವಾಗ ನೀವು ಸಾಗರ ಹುಡುಕಿಕೊಂಡು ಹೊರಟಿರಲ್ಲ!" ಎಂದರು. ನಮ್ಮವರಿಗೆ ನೀರಿನ ವಿಷಯದಲ್ಲಿ ನಗು ಬರುವುದೇ ಅಪರೂಪ; ಆದ್ದರಿಂದ ನಾನೂ ನಕ್ಕೆ.

ಅರಸೀಕೆರೆಯ ಮೇಲೆ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ, ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿಯ ರೈಲನ್ನು ಹತ್ತಿದೆವು. ಸಕಲೇಶಪುರದ ಘಟ್ಟದಲ್ಲಿ ಕಿಟಕಿ ಮುಚ್ಚಿ, ಕಂಬಳಿ ಹೊದ್ದು ಕುಳಿತ ಆಕೆ, ಮಂಗಳೂರು ಸಮೀಪಿಸಿದಾಗ ತಾನಾಗಿಯೇ ಕಂಬಳಿಯನ್ನು ಮಡಿಚಿದಳು. ಘಟ್ಟವೊಂದನ್ನು ಇಳಿಯುವುದರಲ್ಲಿ ಋತುವೇ ಬದಲಾಗುವುದಕ್ಕೆ ಕಾರಣವುಂಟು. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಮುದ್ರದ ನೀರು ನಿಧಾನವಾಗಿ ಕಾದು ನಿಧಾನವಾಗಿ ಆರುವುದರಿಂದ ದಡದ ಊರುಗಳಿಗೆ ರಾತ್ರಿಯೂ ಆ ಬಿಸುಪು ಉಳಿಯುತ್ತದೆ. ಮೂಡಣದ ಒಣ ಕುಳಿರ್ಗಾಳಿಯನ್ನು ಸಹ್ಯಾದ್ರಿಯು ಬಹುಮಟ್ಟಿಗೆ ತಡೆಯುತ್ತದೆ. ನಮ್ಮಲ್ಲಿ ಜನವರಿಯ ರಾತ್ರಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದರೆ, ಅಲ್ಲಿ ಸಾಮಾನ್ಯವಾಗಿ 20ರ ಮೇಲೆಯೇ ಇರುತ್ತದೆ. ಐದಾರು ಡಿಗ್ರಿಯ ಈ ಅಂತರ ಕಾಗದದ ಮೇಲೆ ಅಲ್ಪವೆನಿಸೀತು. ಉಬ್ಬಸದವರ ಎದೆಗೆ ಅದು ಅಲ್ಪವಲ್ಲ. ಹಗಲಿನ ಬೆವರಿನ ಮಾತು ಬೇರೆ. ಅದನ್ನು ಸಹಿಸಿಕೊಳ್ಳಬೇಕು.

ನಮಗೆ ಮಹಡಿ ಕೊಟ್ಟ ಮನೆಯೊಡತಿ ಎಂಬತ್ತು ದಾಟಿದ ತಾಯಿ. ಮೊಮ್ಮಗನೊಂದಿಗೆ ಕೆಳಗಿನ ಮನೆಯಲ್ಲಿದ್ದರು. ನಿಲ್ದಾಣದ ಫಲಕಗಳಲ್ಲಿ, ಅಂಗಡಿಗಳಲ್ಲಿ ಮಲೆಯಾಳವನ್ನೇ ಕಂಡು ಬಂದಿದ್ದ ನಮ್ಮನ್ನು ಅವರು ಬಾಗಿಲಲ್ಲಿ, "ಬನ್ನಿ, ದಾರಿಯಲ್ಲಿ ತೊಂದರೆ ಆಗಲಿಲ್ಲವಷ್ಟೆ?" ಎಂದು ಕನ್ನಡದಲ್ಲಿಯೇ ವಿಚಾರಿಸಿದರು. ಅವರ ಮನೆಮಾತೇ ಕನ್ನಡ. ರಾಮಕ್ಷತ್ರಿಯರು ಅವರು. ಕೆಳದಿಯ ಅರಸರ ಕಾಲದಲ್ಲಿ ಕರಾವಳಿಯ ಕೋಟೆಗಳ ಕಾವಲಿಗೆ ನಿಂತ ಸೈನಿಕರ ಸಂತತಿಯವರು. ಕೋಟೆಗಾರರು, ಕೋಟೆಯವರು ಎಂದೂ ಕರೆಯುವುದುಂಟು. 1956ರ ನವೆಂಬರ್ 1ರಂದು ಈ ಪ್ರದೇಶ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರುವ ಮೊದಲು ಆ ತಾಯಿ ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ಓದಿದ್ದರು. ಮಂಜೇಶ್ವರದ ಗೋವಿಂದ ಪೈಗಳ ಹೆಸರನ್ನೂ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೂ ಅವರು ತಮ್ಮ ನೆಂಟರ ಹೆಸರಿನಂತೆ ಹೇಳುತ್ತಿದ್ದರು.

ಆದರೆ ಮೊದಲ ದಿನವೇ ನನಗೊಂದು ಇರಸುಮುರಸು ಉಂಟಾಯಿತು. ಸಂಜೆ ಇಷ್ಟಲಿಂಗ ಪೂಜೆಗೆ ಕುಳಿತಾಗ ಕೆಳಗಿನ ಅಡುಗೆಮನೆಯಿಂದ ಮೀನಿನ ವಾಸನೆ ಮೇಲೇರಿ ಬಂದಿತು. ವಿಭೂತಿ ಧರಿಸಿ ಕುಳಿತವನು ಎದ್ದುಬಿಟ್ಟೆ. ಬೇರೆ ಮನೆ ಹುಡುಕಬೇಕೆಂದು ಮಡದಿಗೆ ಹೇಳಿದೆ. ಮಾತು ಗಟ್ಟಿಯಾಗಿಯೇ ಇತ್ತೆಂದು ತೋರುತ್ತದೆ, ಮರುದಿನ ಬೆಳಿಗ್ಗೆ ಆ ತಾಯಿ ಮೆಟ್ಟಿಲು ಹತ್ತಲಾರದೆ ಹತ್ತಿ ಬಂದು, "ತಂಗೀ, ನೀವು ಪೂಜೆಗೆ ಕೂತುಕೊಳ್ಳುವ ಹೊತ್ತು ಯಾವುದೆಂದು ಹೇಳಿ. ಆ ಹೊತ್ತಿಗೆ ನಾವು ಒಲೆಯ ಮೇಲೆ ಏನೂ ಇಡುವುದಿಲ್ಲ" ಎಂದರು.

ನಾನು ಉತ್ತರ ಹುಡುಕುತ್ತಿದ್ದೆ. ಮಡದಿಯೇ, "ಅಕ್ಕಾ, ನಿಮ್ಮ ಮನೆಯ ಒಲೆ ನಮ್ಮಿಂದ ಆರಬಾರದು. ನಾವು ಹಿಂದಿನ ಕೋಣೆಯಲ್ಲಿ ಕಿಟಕಿ ಹಾಕಿಕೊಂಡು ಕೂರುತ್ತೇವೆ" ಎಂದಳು. ಕೊನೆಗೆ ಇಬ್ಬರೂ ಸೋತರು, ಇಬ್ಬರೂ ಗೆದ್ದರು. ನಾವು ಹಿಂದಿನ ಕೋಣೆಗೆ ಹೋದೆವು. ಅವರು ಸಂಜೆ ಆರೂವರೆಯಿಂದ ಏಳೂವರೆಯವರೆಗೆ ಒಲೆ ಹಚ್ಚಲಿಲ್ಲ. ಆಚಾರದ ವಿಷಯವಾಗಿ ನಾನು ಎಷ್ಟೋ ಲೇಖನಗಳನ್ನು ಬರೆದಿದ್ದೇನೆ. ಆ ಬೆಳಗಿನ ಮಾತುಕತೆಯಲ್ಲಿ ಮಾತ್ರ ನನ್ನದೊಂದು ಶಬ್ದವೂ ಇರಲಿಲ್ಲ.

ಊಟದ ಕಷ್ಟ ನಾವೆಣಿಸಿದಷ್ಟಿರಲಿಲ್ಲ. ರಾಗಿಹಿಟ್ಟು, ಹುರುಳಿಕಾಳು, ಕಡಲೆಕಾಯಿ ಎಣ್ಣೆಗಳನ್ನು ಮೂಟೆ ಕಟ್ಟಿಕೊಂಡೇ ಹೋಗಿದ್ದೆವು. ಅಲ್ಲಿಯ ಕುಚ್ಚಲಕ್ಕಿ ಅನ್ನ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಮಡದಿಗೆ ವಾರದಲ್ಲಿ ರುಚಿಸಿತು. ತೆಂಗಿನ ವಿಷಯದಲ್ಲಿ ಮಾತ್ರ ಎರಡೂ ಹೊಸದುರ್ಗಗಳು ಒಂದೇ. ಆದರೆ ನಮ್ಮವರು ಕಾಯನ್ನು ಒಣಗಿಸಿ ಕೊಬ್ಬರಿ ಮಾಡಿ ಪೇಟೆಗೆ ಕಳುಹಿಸುತ್ತಾರೆ. ಅವರು ಹಸಿಯದನ್ನೇ ಅರೆದು ಎಲ್ಲ ಪದಾರ್ಥಕ್ಕೂ ಹಾಕುತ್ತಾರೆ. ನಾವು ಮಾರುವವರು, ಅವರು ಉಣ್ಣುವವರು ಎಂದು ಆಕೆ ಹಾಸ್ಯ ಮಾಡಿದಳು. ಹತ್ತು ದಿನ ಕಳೆಯುವಷ್ಟರಲ್ಲಿ ಆಕೆ ನಡುರಾತ್ರಿ ಎದ್ದು ಕೂರುವುದು ನಿಂತಿತು. ನಾನು ದಿನವೂ ಬೆಳಿಗ್ಗೆ ಕೋಟೆಯ ಕಡೆಗೆ ಹೋಗತೊಡಗಿದೆ.

ಹೊಸದುರ್ಗದ ಕೋಟೆಯನ್ನು ಕಟ್ಟಿಸಿದವನು ಕೆಳದಿಯ ಸೋಮಶೇಖರ ನಾಯಕ. 1730ರ ದಶಕದಲ್ಲಿ ನೀಲೇಶ್ವರದ ಅರಸರ ಮೇಲೆ ಅವನ ಸೈನ್ಯ ಬಂದಾಗ ಇದು ತಲೆಯೆತ್ತಿತು. ಹೊಸದಾಗಿ ಕಟ್ಟಿದ ದುರ್ಗವಾದ್ದರಿಂದ ಹೊಸದುರ್ಗ. ನಮ್ಮ ಹೊಸದುರ್ಗದ ಬೆಟ್ಟದ ಕೋಟೆಯು ಅದಕ್ಕೂ ಹಳೆಯದು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಚಿತ್ರದುರ್ಗದ ಚಿಕ್ಕಣ್ಣ ನಾಯಕನದು. ಇಬ್ಬರಿಗೂ ಹೊಸ ಹೆಸರು ಹುಡುಕುವ ವ್ಯವಧಾನವಿರಲಿಲ್ಲವೆಂದು ತೋರುತ್ತದೆ. ನಮ್ಮದು ಬಂಡೆಗಲ್ಲಿನದು, ಅದು ಮುರಕಲ್ಲಿನದು. ನೆಲದಿಂದ ಅಗೆಯುವಾಗ ಮೆದುವಾಗಿದ್ದು ಗಾಳಿ ತಗುಲಿದಂತೆ ಗಟ್ಟಿಯಾಗುವ ಕೆಂಪು ಕಲ್ಲು ಅದು. ದುಂಡಾದ ಕೊತ್ತಲಗಳ ಮೇಲೆ ಗಿಡಗಂಟಿ ಬೆಳೆದಿದೆ. ಸಮೀಪದಲ್ಲಿಯೇ ತಾಲ್ಲೂಕು ಕಚೇರಿ. ಕಾಗದಪತ್ರ ಹಿಡಿದು ಓಡಾಡುವ ಜನ ಕೊತ್ತಲದ ಕಡೆಗೆ ಕಣ್ಣೆತ್ತಿಯೂ ನೋಡುವುದಿಲ್ಲ. ನಮ್ಮ ಊರಿನಲ್ಲಾದರೂ ನೋಡುತ್ತೇವೆಯೇ?

ಅಲ್ಲಿಂದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಬೇಕಲ ಕೋಟೆಯಿದೆ. ಸುಮಾರು 40 ಎಕರೆಯ ಆ ಕೋಟೆ ಕೇರಳದ ಕೋಟೆಗಳಲ್ಲೇ ಅತ್ಯಂತ ವಿಸ್ತಾರವಾದುದು. 1650ರ ಸುಮಾರಿಗೆ ಶಿವಪ್ಪ ನಾಯಕ ಕಟ್ಟಿಸಿದನೆಂಬುದು ಪ್ರಚಲಿತ ಅಭಿಪ್ರಾಯ. ಮೂರು ಕಡೆ ಕಡಲು ಬಂದು ಗೋಡೆಗೆ ಬಡಿಯುತ್ತದೆ. ಪ್ರವೇಶದಲ್ಲಿ ಮುಖ್ಯಪ್ರಾಣನ ಗುಡಿ. ಸ್ವಲ್ಪ ಆಚೆಗೆ ಟಿಪ್ಪುವಿನ ಕಾಲದ್ದೆನ್ನುವ ಮಸೀದಿ. ಮಡದಿ ಮೆಲ್ಲಮೆಲ್ಲಗೆ ನಡೆದು, ನಡುವೆ ನಾಲ್ಕು ಸಲ ಕುಳಿತು, ನಡುವಿನ ವೀಕ್ಷಣಾ ಗೋಪುರದ ತನಕ ಬಂದಳು. ಹಿಂದಿನ ಮಾಗಿಯಲ್ಲಿ ಆಕೆಗೆ ನಮ್ಮ ಮನೆಯ ಅಂಗಳ ದಾಟುವುದೂ ಆಗುತ್ತಿರಲಿಲ್ಲ.

ಕೆಳದಿಯವರು ವೀರಶೈವ ಅರಸರು. 1709ರ ಸುಮಾರಿಗೆ ಶಿವತತ್ತ್ವರತ್ನಾಕರವೆಂಬ ಬೃಹತ್ ಸಂಸ್ಕೃತ ಕೋಶವನ್ನು ರಚಿಸಿದ ಬಸವಪ್ಪ ನಾಯಕನು ಹೊಸದುರ್ಗ ಕಟ್ಟಿಸಿದ ಸೋಮಶೇಖರನಿಗೆ ಹಿಂದಿನ ಅರಸ. ಅಂಥ ರಾಜ್ಯದ ತೆಂಕಣ ಗಡಿಯಲ್ಲಿ ನಿಂತಿದ್ದೇನೆಂಬ ಹೆಮ್ಮೆಯಿಂದ ನಾನು ಪೇಟೆಯಲ್ಲೆಲ್ಲ ಲಿಂಗವಂತರ ಮನೆ ಯಾವುದಾದರೂ ಉಂಟೇ ಎಂದು ವಿಚಾರಿಸಿದೆ. ಮೂವತ್ತೇಳು ದಿನಗಳಲ್ಲಿ ಒಂದೂ ಸಿಗಲಿಲ್ಲ. ವಿಭೂತಿಗಟ್ಟಿಯನ್ನು ಊರಿನಿಂದ ತಂದದ್ದೇ ಒಳ್ಳೆಯದಾಯಿತು. ಕೆಳದಿಯವರ ಬಿದನೂರು 1763ರಲ್ಲಿ ಹೈದರಾಲಿಯ ಕೈವಶವಾಯಿತು, 1779ರಲ್ಲಿ ಚಿತ್ರದುರ್ಗವೂ ಅವನದೇ ಆಯಿತು. ಅದಕ್ಕೂ ಮೊದಲು ಈ ಎರಡು ನಾಯಕರ ಮನೆತನಗಳು ತಮ್ಮತಮ್ಮಲ್ಲೇ ಎಷ್ಟು ಸಲ ಕಾದಾಡಿದವೋ! ಒಬ್ಬರ ಹೊಸದುರ್ಗದವನು ಇನ್ನೊಬ್ಬರ ಹೊಸದುರ್ಗಕ್ಕೆ ಉಸಿರಾಡುವುದಕ್ಕೆ ಬರುವನೆಂದು ಅವರಾರೂ ಎಣಿಸಿರಲಾರರು. ಅರಸರು ಹೋದರು, ಲಿಂಗವಂತರು ಕಾಣಲಿಲ್ಲ, ಕಾವಲಿನ ಸೈನಿಕರ ಮನೆಯ ಕನ್ನಡ ಮಾತ್ರ ಒಬ್ಬ ಮುದುಕಿಯ ಬಾಯಲ್ಲಿ ನಮ್ಮನ್ನು ಒಳಗೆ ಕರೆಯಿತು. ಅವರ ಮೊಮ್ಮಗ ಕನ್ನಡ ಆಡಬಲ್ಲ, ಓದಲಾರ.

ಆ ಊರಿನ ಇನ್ನೊಂದು ಸಂಗತಿಯನ್ನು ಹೇಳಬೇಕು. ಕೋಟೆಯ ಹತ್ತಿರದಲ್ಲಿ, ಮುಂದೆ ಗಣೇಶಪುರಿಯಲ್ಲಿ ನೆಲೆಸಿ 1961ರಲ್ಲಿ ದೇಹವಿಟ್ಟ ಸ್ವಾಮಿ ನಿತ್ಯಾನಂದರ ಆಶ್ರಮ, ಮುರಕಲ್ಲಿನಲ್ಲಿ ಕೊರೆಸಿದ ಅವರ ಗುಹೆಗಳು ಇವೆ. ಪಟ್ಟಣದಿಂದ ಪೂರ್ವಕ್ಕೆ ಹೋದರೆ ಆನಂದಾಶ್ರಮ. 1884ರಲ್ಲಿ ಈ ಊರಿನಲ್ಲೇ ಹುಟ್ಟಿದ ವಿಠಲರಾಯರು ಸ್ವಾಮಿ ರಾಮದಾಸರಾಗಿ ದೇಶ ಸುತ್ತಿ ಬಂದು, ಮಾತಾ ಕೃಷ್ಣಾಬಾಯಿಯವರೊಡನೆ 1931ರಲ್ಲಿ ಸ್ಥಾಪಿಸಿದ ಆಶ್ರಮವದು. ರಾಮದಾಸರು 1963ರಲ್ಲಿ, ಕೃಷ್ಣಾಬಾಯಿಯವರು 1989ರಲ್ಲಿ ತೀರಿಕೊಂಡರು. ಅಲ್ಲಿ ರಾಮನಾಮದ ಗಾನ ದಿನವೂ ನಡೆಯುತ್ತದೆ. ಒಳಗೆ ಹೋಗಿ ಕೂರುವುದಕ್ಕೆ ನಾನು ಹಿಂದೆಮುಂದೆ ನೋಡಿದೆ. ಮಡದಿ ಸೆರಗು ಸರಿಪಡಿಸಿಕೊಂಡು, ಎದೆಯ ಮೇಲಿನ ಕರಡಿಗೆಯನ್ನೊಮ್ಮೆ ಮುಟ್ಟಿಕೊಂಡು, ಹೋಗಿ ಕುಳಿತಳು. ಅರ್ಧ ತಾಸು ನಾನು ಹೊರಗೆ ಮರದ ನೆರಳಿನಲ್ಲಿದ್ದೆ. ಎರಡನೆಯ ಸಲ ಹೋದಾಗ ನಾನೂ ಒಳಗೆ ಕುಳಿತೆ. ಮನಸ್ಸಿನಲ್ಲಿ ಪಂಚಾಕ್ಷರಿಯನ್ನೇ ಜಪಿಸಿದೆ, ಯಾರೂ ಕೇಳಲಿಲ್ಲ.

ಭರತ ಹುಣ್ಣಿಮೆಗೆ ನಾಲ್ಕು ದಿನ ಮೊದಲು ನಡೆದದ್ದನ್ನು ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ವೃದ್ಧ ದಂಪತಿಗಳು ಪರಸ್ಥಳಕ್ಕೆ ಹೋಗುವಾಗ ತಿಳಿದಿರಲೆಂದು ಬರೆಯುತ್ತಿದ್ದೇನೆ. ಪಕ್ಕದ ತೋಟದಲ್ಲಿ ಆ ಸಂಜೆ ಒಣಗಿದ ತರಗೆಲೆಗಳನ್ನು ಗುಡಿಸಿ ಬೆಂಕಿ ಹಾಕಿದ್ದರು. ಹೊಗೆ ಹೊತ್ತು ಮುಳುಗಿದ ಮೇಲೂ ನಿಂತೇ ಇತ್ತು. ರಾತ್ರಿ ಹನ್ನೊಂದರ ಸುಮಾರಿಗೆ ಆಕೆಗೆ ಉಬ್ಬಸ ಬಲವಾಯಿತು. ತುರ್ತಿಗೆಂದು ಎಳೆದುಕೊಳ್ಳುವ ಔಷಧದ ಡಬ್ಬಿ ಬರಿದಾಗಿತ್ತು. "ತೀರುತ್ತಾ ಬಂತು, ತನ್ನಿ" ಎಂದು ಆಕೆ ಎರಡು ದಿನಗಳ ಹಿಂದೆಯೇ ಹೇಳಿದ್ದಳು. ನಾನು ಕೆಳದಿಯ ಇತಿಹಾಸದ ಟಿಪ್ಪಣಿಗಳನ್ನು ಬರೆಯುತ್ತಿದ್ದೆ, "ನಾಳೆ" ಎಂದಿದ್ದೆ. ಆ ತಾಯಿಯ ಮೊಮ್ಮಗ ಆಟೋ ತಂದು, ಆಕೆಯನ್ನು ಕೈಯಲ್ಲೆತ್ತಿಕೊಂಡಂತೆಯೇ ಮೆಟ್ಟಿಲು ಇಳಿಸಿ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿ ಕರ್ತವ್ಯದಲ್ಲಿದ್ದ ಯುವ ವೈದ್ಯೆ, ದಿನವೂ ಯಾವ ಔಷಧ ತೆಗೆದುಕೊಳ್ಳುತ್ತಾರೆ, ಎಷ್ಟು ಸಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಹೇಳಲಾಗಲಿಲ್ಲ. ನೂರೊಂದು ಸ್ಥಲಗಳ ಹೆಸರನ್ನು ನಿದ್ದೆಗಣ್ಣಿನಲ್ಲೂ ಕ್ರಮ ತಪ್ಪದೆ ಹೇಳಬಲ್ಲ ನನಗೆ ಎಂಟು ವರ್ಷಗಳಿಂದ ನನ್ನ ಮನೆಯ ಗೂಡಿನಲ್ಲಿರುವ ಎರಡು ಔಷಧಗಳ ಹೆಸರು ಗೊತ್ತಿರಲಿಲ್ಲ. ಮಾತನಾಡಲಾರದ ಆಕೆ ತನ್ನ ಚೀಲವನ್ನು ತೋರಿಸಿದಳು. ಅದರಲ್ಲೊಂದು ಮಡಿಚಿದ ಚೀಟಿ. ಮೊದಲು ನನ್ನ ರಕ್ತದೊತ್ತಡದ ಮಾತ್ರೆಗಳ ಹೆಸರು, ತೆಗೆದುಕೊಳ್ಳಬೇಕಾದ ವೇಳೆ, ನನಗೆ ಒಗ್ಗದ ಔಷಧವೊಂದರ ಹೆಸರು. ಅದರ ಕೆಳಗೆ ಆಕೆಯವು. ವೈದ್ಯೆ ಅದನ್ನು ಓದಿ, ಮುಖಕ್ಕೆ ಮುಸುಕಿಟ್ಟು ಔಷಧದ ಹಬೆ ಕೊಟ್ಟಳು. ಬೆಳಗಿನ ಜಾವಕ್ಕೆ ಉಸಿರು ಸರಿಯಾಯಿತು. ಆ ತಾಯಿ ಮನೆಯಲ್ಲಿ ದೀಪ ಆರಿಸದೆ ಕುಳಿತಿದ್ದರು. ಅಂದಿನಿಂದ ತೋಟದವರು ನಮ್ಮ ಪಕ್ಕದಲ್ಲಿ ಎಲೆ ಸುಡಲಿಲ್ಲ. ಆ ತಾಯಿ ಹೋಗಿ ಹೇಳಿದ್ದರೆಂದು ಆಮೇಲೆ ತಿಳಿಯಿತು.

ಫೆಬ್ರವರಿ 12 ಭರತ ಹುಣ್ಣಿಮೆ. ತರಳಬಾಳು ಹುಣ್ಣಿಮೆಯ ಮಹೋತ್ಸವಕ್ಕೆ ಹೋಗದೆ ನಾನು ಈ ದಿನವನ್ನು ಕಳೆದದ್ದು ನೆನಪಿಲ್ಲ. "ನೀವು ಹೋಗಿ ಬನ್ನಿ, ನಾನು ಅಕ್ಕನ ಜೊತೆ ಇರುತ್ತೇನೆ" ಎಂದು ಆಕೆ ಎರಡು ಸಲ ಹೇಳಿದಳು. ನಾನು ಹೋಗಲಿಲ್ಲ. ಸಂಜೆ ಇಬ್ಬರೂ ಕಡಲತೀರಕ್ಕೆ ನಡೆದೆವು. ಹುಣ್ಣಿಮೆಯ ದಿನ ಸೂರ್ಯ ಮುಳುಗುವುದೂ ಚಂದ್ರ ಹುಟ್ಟುವುದೂ ಹೆಚ್ಚುಕಡಿಮೆ ಒಂದೇ ವೇಳೆಗೆ. ಎದುರಿಗೆ ಕಡಲಿನಲ್ಲಿ ಕೆಂಪು ಬಿಂಬ ಇಳಿಯುತ್ತಿತ್ತು. ಬೆನ್ನ ಹಿಂದೆ ತೆಂಗಿನ ತೋಪಿನ ಮೇಲೆ ಇನ್ನೊಂದು ಏರುತ್ತಿತ್ತು. ಆಕೆ ಎರಡನ್ನೂ ನೋಡಲು ತಿರುಗಿ ತಿರುಗಿ ಕೂರುತ್ತಿದ್ದಳು. ಮದುವೆಯಾದ ಹೊಸದರಲ್ಲಿ ನಾನು ಆಕೆಗೆ ಕಡಲು ತೋರಿಸುತ್ತೇನೆಂದು ಹೇಳಿದ್ದೆನಂತೆ. ನನಗೆ ನೆನಪಿರಲಿಲ್ಲ. "ಈಗ ತೋರಿಸಿದಿರಲ್ಲ" ಎಂದಳು.

ಹೋಗಬಯಸುವ ದಂಪತಿಗಳಿಗೆ ಕೆಲವು ಮಾತುಗಳು. ಔಷಧಗಳ ಚೀಟಿ ಇಬ್ಬರ ಬಳಿಯೂ ಒಂದೊಂದಿರಲಿ. ಊರಿನ ವೈದ್ಯರಿಂದ ಒಂದು ಪತ್ರವನ್ನು ಬರೆಸಿಕೊಂಡು ಹೋಗಿ. ಕಡಲ ಗಾಳಿ ಎಲ್ಲರಿಗೂ ಹಿತವೆಂದು ತಿಳಿಯಬೇಡಿ. ಅದರ ತೇವ ಕೆಲವರ ಎದೆಗೆ ಆಗದು, ವೈದ್ಯರನ್ನು ಕೇಳಿಯೇ ಹೊರಡಿ. ಕೆಳಮನೆಯೇ ಸಿಕ್ಕಿದರೆ ಮಹಡಿ ಹತ್ತುವ ಗೊಡವೆ ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ತಿರುಗಬೇಡಿ. ಶಿವರಾತ್ರಿಯಾದ ಮೇಲೆ ಅಲ್ಲಿ ಸೆಕೆ ಬಲಿಯುತ್ತದೆ. ಅಷ್ಟರೊಳಗೆ ಹಿಂದಿರುಗುವುದು ಲೇಸು.

ಫೆಬ್ರವರಿ 26ರ ಶಿವರಾತ್ರಿಗೆ ಎರಡು ದಿನ ಮುಂಚೆ ನಾವು ಹೊರಟೆವು. ಉಳಿದಿದ್ದ ರಾಗಿಹಿಟ್ಟನ್ನು ಮಡದಿ ಆ ತಾಯಿಗೆ ಕೊಟ್ಟು, ಮುದ್ದೆ ತೊಳಸುವುದನ್ನು ಒಲೆಯ ಮುಂದೆ ನಿಂತು ಕಲಿಸಿದಳು. ಅವರು ಒಣಗಿಸಿದ ಪುನರ್ಪುಳಿ ಸಿಪ್ಪೆಯ ಒಂದು ಡಬ್ಬಿ ಕೊಟ್ಟರು. ಊರಿಗೆ ಬಂದ ಇಪ್ಪತ್ತು ದಿನಕ್ಕೆ ಅವರಿಂದ ಒಂದು ಕಾಗದ ಬಂತು. ದುಂಡನೆಯ ಕನ್ನಡ ಅಕ್ಷರ, ಐದನೆಯ ತರಗತಿಯಲ್ಲಿ ತಿದ್ದಿದ್ದೇ ಇರಬೇಕು. ಮುದ್ದೆ ಗಂಟಾಯಿತೆಂದು ಬರೆದಿದ್ದರು. ವಿಳಾಸದಲ್ಲಿ ಹೊಸದುರ್ಗದ ಮುಂದೆ ಚಿತ್ರದುರ್ಗ ಜಿಲ್ಲೆಯೆಂದು ಬರೆದು ಎರಡು ಗೆರೆ ಎಳೆದಿದ್ದರು.

ಮುಂದಿನ ಎಳ್ಳಮಾವಾಸ್ಯೆ ಕಳೆದೊಡನೆ ಹೊರಡಬೇಕು, ಟಿಕೆಟ್ಟನ್ನು ಮೊದಲೇ ತೆಗೆಸಿರಿ ಎಂದು ಮಡದಿ ಹೇಳಿದ್ದಾಳೆ. ಈ ಸಲ ರಾಗಿಹಿಟ್ಟು ಐದು ಸೇರು ಹೆಚ್ಚಿಗೆ ಬೇಕಂತೆ, ಅಕ್ಕನಿಗೆ.